ಮಾವನ ಕೊಬ್ಬರಿ, ನನ್ನ ಎಂ.ಟೆಕ್

ಬಸ್ಸಿನಲ್ಲಿ ಯಾರಾದರೂ ಕೊಬ್ಬರಿ ಚೀಲ ಹತ್ತಿಸಿದರೆ ನಾನು ಎದ್ದು ಹಿಂದಿನ ಸೀಟಿಗೆ ಹೋಗುತ್ತೇನೆ. ತಿಪಟೂರು ಸೀಮೆಯ ಸೊಸೆಯಾಗಿ ಇದು ಹೇಳಿಕೊಳ್ಳುವ ಮಾತಲ್ಲ. ಮೊನ್ನೆ ಚಿಕ್ಕನಾಯಕನಹಳ್ಳಿಯಿಂದ ಬರುವಾಗಲೂ ಹಾಗೇ ಆಯಿತು. ಸ್ಟ್ಯಾಂಡಿನಲ್ಲಿ ಒಬ್ಬರು ಎರಡು ಚೀಲ ತಂದು ನನ್ನ ಕಾಲ ಬುಡಕ್ಕೇ ಒತ್ತರಿಸಿ ಇಟ್ಟರು. ಹೊಸ ಕೊಬ್ಬರಿ. ಎಣ್ಣೆಯ ಆ ಸಿಹಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ಎದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಕನಿಕರದಿಂದ ನೋಡಿ, "ಯಾಕವ್ವ, ಬಸುರಿಯಾ?" ಎಂದು ಕೇಳಿದಳು. "ಅಲ್ಲ ಕಣವ್ವ, ಎಂಟೆಕ್ಕು" ಅಂದೆ. ಅವಳಿಗೆ ಏನರ್ಥವಾಯಿತೋ, ಅಯ್ಯೋ ಪಾಪ ಅಂದಳು. ಸರಿಯಾಗಿಯೇ ಅಂದಳು ಅನ್ನಿಸಿತು.

ಈ ವಾಸನೆ ನನಗೆ ಆಗದಂತಾದದ್ದು ಎಂ.ಟೆಕ್ ಮುಗಿಸಬೇಕಾಗಿದ್ದ ವರ್ಷ. ನಮ್ಮ ಸೀಮೆಯ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜು, ಹೆಸರು ಬೇಡ. ಅಲ್ಲಿ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ನಾನು ತಾತ್ಕಾಲಿಕ ಉಪನ್ಯಾಸಕಿಯಾಗಿದ್ದೆ. ತಾತ್ಕಾಲಿಕ ಅಂದರೆ ಬೇಸಿಗೆ ರಜೆ ಬಂದರೆ ಕೆಲಸ ಹೋಗುತ್ತದೆ, ಕಾಲೇಜು ತೆರೆದಾಗ ಕರೆದರೆ ಬರುತ್ತದೆ. ಕಾಯಂ ಹುದ್ದೆಯೊಂದು ಖಾಲಿಯಾಗುವುದಿತ್ತು. ಅದಕ್ಕೆ ಎಂ.ಟೆಕ್ ಬೇಕೇಬೇಕು. ಆಡಳಿತ ಮಂಡಳಿಯವರು ಕರೆದು, "ಮುಂದಿನ ಜೂನಿಗೆ ಡಿಗ್ರಿ ಕೈಲಿದ್ದರೆ ಆ ಕುರ್ಚಿ ನಿಮ್ಮದು ಶಶಿಕಲಾ ಮೇಡಂ, ಇಲ್ಲದಿದ್ದರೆ ಬೇರೆಯವರದು" ಎಂದು ನೇರವಾಗಿ ಹೇಳಿದ್ದರು. ಅದೇ ಕಾಲೇಜಿನಲ್ಲಿ ಪಾಠ ಮಾಡುತ್ತಲೇ ಎಂ.ಟೆಕ್‌ಗೂ ಸೇರಿದ್ದೆ. ನಡುವೆ ಮಗಳು ಹುಟ್ಟಿದಳು, ಹೆರಿಗೆ ಕಷ್ಟವಾಯಿತು, ಓದು ನಿಂತುಹೋಯಿತು. ಎರಡು ವರ್ಷದ ಕೋರ್ಸು. ಎಳೆದಾಡಿದರೂ ನಾಲ್ಕು ವರ್ಷದೊಳಗೆ ಮುಗಿಯಬೇಕು, ಅದು ಯೂನಿವರ್ಸಿಟಿ ನಿಯಮ. ನನ್ನದು ನಾಲ್ಕನೆಯ ವರ್ಷ.

ನಿಯಮಗಳೆಂದರೆ ಅಷ್ಟಿಷ್ಟಲ್ಲ. ಪರೀಕ್ಷೆಗಳನ್ನು ಪಾಸು ಮಾಡಿ ಕ್ರೆಡಿಟ್ ತುಂಬಿಸಿಕೊಂಡರೆ ಸಾಲದು. ಇಂಟರ್ನ್‌ಶಿಪ್ ಆಗಬೇಕು, ಸೆಮಿನಾರ್ ಕೊಡಬೇಕು. ಒಂದು ವರ್ಷ ಪ್ರಾಜೆಕ್ಟ್ ಮಾಡಬೇಕು, ಅದರ ಮೇಲೆ ಒಂದು ಪೇಪರ್ ಪ್ರಕಟವಾಗಬೇಕು, ಥೀಸಿಸ್ ಬರೆಯಬೇಕು. ಅದು ಕದ್ದದ್ದಲ್ಲ ಎಂದು ಕಂಪ್ಯೂಟರ್ ಹೇಳಬೇಕು. ಕೊನೆಗೆ ಹೊರಗಿನಿಂದ ಬಂದ ಪರೀಕ್ಷಕರ ಎದುರು ವೈವಾ ಆಗಬೇಕು, ಅವರು ಸಹಿ ಹಾಕಬೇಕು. ಇಷ್ಟೂ ಆದಮೇಲೆ ಉಳಿಯುವುದು ಆ ಒಂದು ಸಹಿ. ಅದು ಬಿದ್ದರೆ ಎಂ.ಟೆಕ್, ಬೀಳದಿದ್ದರೆ ಅಷ್ಟು ವರ್ಷ ಕತ್ತೆ ಕಾದಂತೆ.

ನನ್ನ ಜೊತೆಯ ಹುಡುಗರು ಪ್ರಾಜೆಕ್ಟನ್ನು ಬೆಂಗಳೂರಿನ ಅಂಗಡಿಯಲ್ಲಿ ಕೊಂಡು ತರುತ್ತಿದ್ದರು. ಅಂಗಡಿಯವರೇ ಬೋರ್ಡು, ಪ್ರೋಗ್ರಾಮು, ಥೀಸಿಸ್ ಎಲ್ಲ ಕೊಟ್ಟು, ವೈವಾದಲ್ಲಿ ಏನು ಹೇಳಬೇಕೆಂದು ಬಾಯಿಪಾಠವನ್ನೂ ಮಾಡಿಸುತ್ತಾರೆ. ನನಗೆ ಆ ಜಂಬವೊಂದಿತ್ತು, ನನ್ನದು ನಾನೇ ಮಾಡಬೇಕು ಅಂತ. ಅಟ್ಟದ ಮೇಲಿರುವ ಕಾಯಿಯನ್ನು ಒಡೆಯದೆಯೇ ಒಳಗೆ ಕೊಬ್ಬರಿ ಆಗಿದೆಯೋ ಇಲ್ಲವೋ ಹೇಳುವ ಯಂತ್ರ ಮಾಡುತ್ತೇನೆಂದು ಹೊರಟೆ. ನಮ್ಮ ಕಡೆ ಉಂಡೆ ಕೊಬ್ಬರಿ ಆಗುವುದು ಹಾಗೆ. ಬಲಿತ ಕಾಯಿಯನ್ನು ಸುಲಿಯದೆ, ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಹೆಚ್ಚುಕಡಿಮೆ ವರ್ಷ ಬಿಡಬೇಕು. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಿ ಕೂರುತ್ತದೆ. ಬೇಗ ಒಡೆದರೆ ಹಸಿ, ತಡವಾದರೆ ಹುಳು. ಕಾಯಿಗೆ ಒಂದು ಸಣ್ಣ ಏಟು ಕೊಟ್ಟು, ಏಳುವ ಶಬ್ದವನ್ನು ಹಿಡಿದು, ಒಳಗಿನ ಸ್ಥಿತಿ ಊಹಿಸುವುದು ನನ್ನ ಲೆಕ್ಕಾಚಾರ.

ಗೈಡ್ ನಕ್ಕರು. ನಮ್ಮ ವಿಭಾಗದಲ್ಲಿ ಅವರೇ ಹಿರಿಯರು, ಪ್ರಾಜೆಕ್ಟ್ ನೋಡಿಕೊಳ್ಳುವವರೂ ಅವರೇ. "ಕೊಬ್ಬರಿ ಕಮ್ಯುನಿಕೇಷನ್ನಾ ಮೇಡಂ? ಎಲ್ಲರೂ ಸ್ಯಾಟಲೈಟು ಅಂತಿದ್ದಾರೆ, ನೀವು ಅಟ್ಟ ಹತ್ತುತ್ತೀರಾ?" ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳುವಂತೆ ಅಂದರು. ನಾನೂ ನಕ್ಕೆ. ತಾತ್ಕಾಲಿಕದವರು ನಗಲೇಬೇಕು.

ನಮ್ಮ ಮನೆ ಬಿಳಿಗೆರೆಯಲ್ಲಿ. ಗಂಡ ಚಂದ್ರು ತಿಪಟೂರಿನಲ್ಲಿ ಮೋಟಾರು ರೀವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದಾನೆ. ತೋಟ, ಅಟ್ಟ, ಕೊಬ್ಬರಿ ಎಲ್ಲ ನನ್ನ ಮಾವ ನಂಜುಂಡಪ್ಪನವರದು. ಮಾತು ಕಮ್ಮಿ, ಕೈ ದೊಡ್ಡದು. ನಮ್ಮ ಮನೆಗೆ ಬಂದ ಯಾರೂ ಬರಿಗೈಯಲ್ಲಿ ಹೋದದ್ದನ್ನು ನಾನು ನೋಡಿಲ್ಲ. ಕರೆಂಟು ಬಿಲ್ ಕೊಡಲು ಬಂದವನಿಗೂ ಎರಡು ಗಿಟುಕು ಕೊಬ್ಬರಿ, ದಾರಿ ತಪ್ಪಿ ವಿಳಾಸ ಕೇಳಲು ಬಂದವನಿಗೂ ಎರಡು ಗಿಟುಕು. ಅವರು ಬೇರೆಯವರ ಮನೆಗೆ ಹೊರಟರೂ ಅಷ್ಟೇ, ಹೆಗಲ ಮೇಲೊಂದು ಚೀಲ ಇರಲೇಬೇಕು. ಮದುವೆಯಾದ ಹೊಸದರಲ್ಲಿ ನನಗೆ ಅದು ತುಂಬ ಚೆಂದ ಅನ್ನಿಸಿತ್ತು.

ಆ ವರ್ಷ ಮಳೆ ಹಿಡಿಯುವ ಮೊದಲು ಅಟ್ಟಕ್ಕೆ ಹಾಕಿದ ಕಾಯಿಯಲ್ಲಿ ಒಂದು ಮೂಲೆಯನ್ನು ಮಾವ ನನಗೆಂದೇ ಬಿಟ್ಟರು. ಪ್ರತಿ ಕಾಯಿಯ ಮೇಲೂ ಪೇಂಟಿನಲ್ಲಿ ನಂಬರ್ ಬರೆದೆ. ಭಾನುವಾರ ಬಂತೆಂದರೆ ಬೆಳಗ್ಗೆಯೇ ಏಣಿ ಹತ್ತುತ್ತಿದ್ದೆ. ಅಟ್ಟದಲ್ಲಿ ಬೆನ್ನು ನೆಟ್ಟಗೆ ಮಾಡುವ ಹಾಗಿಲ್ಲ, ಕೆಳಗಿನ ಒಲೆಯ ಹೊಗೆಯೆಲ್ಲ ಅಲ್ಲಿಗೇ ಬರುತ್ತದೆ. ಮಟ್ಟೆ ಶಬ್ದವನ್ನೆಲ್ಲ ನುಂಗಿಬಿಡುತ್ತಿತ್ತು. ಮೊದಲ ಎರಡು ತಿಂಗಳು ಬಂದ ಸಿಗ್ನಲ್ಲುಗಳಲ್ಲಿ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಇರಲಿಲ್ಲ. ಏಟು ಕೊಡುವ ಸಾಧನದ ತಂತಿ ಸುರುಳಿಯನ್ನು ಚಂದ್ರು ತನ್ನ ಅಂಗಡಿಯಲ್ಲಿ ಮತ್ತೆ ಮತ್ತೆ ಸುತ್ತಿಕೊಟ್ಟ. ಅದು ಸರಿಹೋಯಿತು ಅನ್ನುವಾಗ ಇಲಿಗಳು ವೈರು ಕಡಿದವು. ಹಿಂಗಾರು ಮಳೆ ಶುರುವಾದ ಮೇಲೆ ಹೆಂಚಿನ ಮೇಲೆ ಹನಿ ಬೀಳುವ ಸದ್ದೂ ಮೈಕಿನೊಳಗೆ ಬರತೊಡಗಿತು. ಮಳೆ ನಿಲ್ಲುವುದನ್ನು ಕಾಯುತ್ತ ಕಾಯಿಗಳ ನಡುವೆ ಲ್ಯಾಪ್‌ಟಾಪ್ ತಬ್ಬಿಕೊಂಡು ಕೂತಿರುತ್ತಿದ್ದೆ. ಕೆಳಗಿನಿಂದ ಮಗಳು ಅಮ್ಮಾ ಅಮ್ಮಾ ಅನ್ನುತ್ತಿದ್ದಳು. ಆಗೆಲ್ಲ ಅಂಗಡಿ ಪ್ರಾಜೆಕ್ಟಿನ ಹುಡುಗರೇ ಬುದ್ಧಿವಂತರು ಅನ್ನಿಸಿದ್ದುಂಟು.

ಚಳಿ ಬರುವ ಹೊತ್ತಿಗೆ ಯಂತ್ರ ಮಾತು ಕೇಳತೊಡಗಿತು. ನನ್ನ ಮೂಲೆಯವು ಇನ್ನೂ ಹಸಿ, ಆದರೆ ಹಿಂದಿನ ಚಳಿಗಾಲದಲ್ಲಿ ಹಾಕಿದ ಕಾಯಿ ಆ ಬದಿಯಲ್ಲಿತ್ತು. ಮಾವ ಅದರಲ್ಲೊಂದು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, "ಆಗೈತೆ" ಅಂದರು. ನನ್ನ ಯಂತ್ರ ಆಗಿಲ್ಲ ಅಂದಿತು.

"ಒಡೀತೀನಿ ನೋಡವ್ವ" ಎಂದು ಅಲ್ಲೇ ಕೂತು ಸುಲಿದು ಚಿಪ್ಪು ಒಡೆದರು. ಒಳಗೆ ಒಂದು ಬದಿ ಇನ್ನೂ ಚಿಪ್ಪಿಗೆ ಅಂಟಿಕೊಂಡಿತ್ತು, ಹಸಿ. ಮತ್ತೊಂದು ತೆಗೆದರು, ಅದರಲ್ಲೂ ಅವರೇ ಸೋತರು. ನನಗೆ ಮುಜುಗರವಾಯಿತು. ಜೀವಮಾನವಿಡೀ ಅದನ್ನೇ ಮಾಡಿಕೊಂಡು ಬಂದವರು. ಅವರೋ ತೊಡೆ ತಟ್ಟಿಕೊಂಡು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಏಣಿಯ ಬಾಯಿಂದ ಬಗ್ಗಿ, "ಲೇ ಚಂದ್ರು, ನಮ್ ಸೊಸೆ ನನ್ನ ಸೋಲುಸ್ಬುಟ್ಲು ಕಣ್ಲಾ" ಎಂದು ಕೂಗಿದರು. ಆಮೇಲೆ ಅವರಿಗೆ ಅದೇ ಮಾತಾಯಿತು. ಮಾರ್ಕೆಟ್ಟಿಗೆ ಹೋದರೆ, ಹಾಲಿನ ಡೇರಿಗೆ ಹೋದರೆ, ಸಿಕ್ಕವರಿಗೆಲ್ಲ ನಮ್ ಸೊಸೆ ಮಿಷನ್ನು ಕಾಯಿ ಮಾತಾಡುಸ್ತದೆ ಅನ್ನುವರು. ನನ್ನ ಅಪ್ಪನೂ ನನ್ನ ಬಗ್ಗೆ ಅಷ್ಟು ಹೇಳಿಕೊಂಡಿರಲಿಲ್ಲ.

ಪೇಪರ್ ಬರೆದೆ. ಗೈಡ್ ಅದನ್ನು ಓದದೆಯೇ ಮೊದಲ ಹೆಸರು ತಮ್ಮದು ಹಾಕಿದರು. ಎರಡನೆಯದು ಕಾಲೇಜಿನ ಮುಖ್ಯಸ್ಥರೊಬ್ಬರದು, ಕೊಬ್ಬರಿಯನ್ನು ಹೋಳಿಗೆಯಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವರಲ್ಲ. ಮೂರನೆಯದು ನನ್ನದು. "ಪದ್ಧತಿ ಮೇಡಂ, ಬೇಜಾರು ಮಾಡ್ಕೋಬೇಡಿ" ಅಂದರು. ಬೇಜಾರು ಮಾಡಿಕೊಳ್ಳಲಿಲ್ಲ. ಥೀಸಿಸ್ ಕದ್ದದ್ದೋ ಅಲ್ಲವೋ ನೋಡುವ ಕಂಪ್ಯೂಟರು ನನ್ನ ಪ್ರಮಾಣಪತ್ರದ ಪುಟವನ್ನೂ ವಂದನೆಯ ಪುಟವನ್ನೂ ಕೆಂಪು ಮಾಡಿತು. ಎಲ್ಲರ ಥೀಸಿಸ್ಸಿನಲ್ಲೂ ಅವೆರಡು ಪುಟ ಒಂದೇ ಥರ ಇರುತ್ತವೆ, ಕಾಲೇಜೇ ಕೊಟ್ಟ ಮಾದರಿ ಅದು. ವಂದನೆಯನ್ನು ನಿಮ್ಮದೇ ಮಾತಿನಲ್ಲಿ ಬರೆಯಿರಿ ಅಂದರು. ಹಾಗಾದರೆ ಸರಿ ಎಂದು ಮಾವನ ಹೆಸರನ್ನು ಎಲ್ಲರಿಗಿಂತ ಮೊದಲು ಹಾಕಿದೆ. ಗೈಡಿಗೆ ಅದು ಹಿಡಿಸಲಿಲ್ಲ. ನನಗೆ ಆ ವರ್ಷ ಸಿಕ್ಕ ಒಂದೇ ಖುಷಿ ಅದು.

ಬೇಸಿಗೆ ಆ ಸಲ ಕೆಟ್ಟದಾಗಿ ಬಂತು. ಹೆಂಚಿನ ಕೆಳಗೆ ಅಟ್ಟ ಕಾದು, ಮಧ್ಯಾಹ್ನ ಹತ್ತಿದರೆ ತಲೆ ಸುತ್ತುತ್ತಿತ್ತು. ನನ್ನ ನಂಬರಿನ ಕಾಯಿಗಳು ಒಂದೊಂದಾಗಿ ಆಗತೊಡಗಿದವು. ಯಂತ್ರ ಹೇಳಿದ್ದೂ ಒಡೆದಾಗ ಕಂಡದ್ದೂ ಹೊಂದುತ್ತ ಬಂದವು. ವೈವಾ ಮೇ ಕೊನೆಗೆ ನಿಗದಿಯಾಯಿತು. ಜೂನ್ ಮುಗಿದರೆ ನನ್ನ ನಾಲ್ಕು ವರ್ಷವೂ ಮುಗಿಯುತ್ತಿತ್ತು.

ವೈವಾಕ್ಕೆ ಮೊದಲು ಗೈಡ್ ನಮ್ಮನ್ನೆಲ್ಲ ಕರೆದು ಏರ್ಪಾಡು ಹೇಳಿದರು. ಪರೀಕ್ಷಕರಿಗೆ ರೂಮು, ಊಟ, ಕಾರು, ಹಣ್ಣಿನ ಬುಟ್ಟಿ, ರೇಷ್ಮೆ ಶಾಲು, ನೆನಪಿನ ಕಾಣಿಕೆ. ಎಲ್ಲ ವಿದ್ಯಾರ್ಥಿಗಳದೇ ಖರ್ಚು. ಇದು ಪ್ರತಿ ವರ್ಷದ ಕ್ರಮ, ಇದನ್ನು ಯಾರೂ ಯಾವ ಹೆಸರಿನಿಂದಲೂ ಕರೆಯುವುದಿಲ್ಲ.

ಆ ದಿನ ಮಾವ ತಾವೂ ಬರುತ್ತೇನೆಂದರು. ಪರೀಕ್ಷಕರ ಎದುರು ಒಡೆದು ತೋರಿಸಲು ಕಾಯಿ ತರಬೇಕಿತ್ತಲ್ಲ, ಹೊರಲು ಜನ ಬೇಕು. ಬಿಳಿ ಪಂಚೆ ಉಟ್ಟು, ವಿಭೂತಿ ಹಚ್ಚಿಕೊಂಡು, ಪರಿಚಯದವರ ಗೂಡ್ಸ್ ಆಟೋದಲ್ಲಿ ಎರಡು ಚೀಲ ಹೇರಿಕೊಂಡು ಬಂದರು. ಎರಡನೆಯ ಚೀಲದಲ್ಲಿ ಏನಿದೆಯೆಂದು ಕೇಳುವ ಪುರುಸೊತ್ತು ನನಗಿರಲಿಲ್ಲ.

ಪರೀಕ್ಷಕರು ದಾವಣಗೆರೆಯವರು. ಸಣಕಲು ಮೈ, ದೊಡ್ಡ ಕನ್ನಡಕ, ಕಡಿಮೆ ಮಾತು. ಬೆಳಗ್ಗೆ ನನ್ನ ಜೊತೆಯ ಒಬ್ಬ ಹುಡುಗನದು ಮುಗಿಯಿತು. ಅವನದು ಅಂಗಡಿ ಪ್ರಾಜೆಕ್ಟು, ಬಾಯಿಪಾಠ ಚೆನ್ನಾಗಿತ್ತು, ಪಾಸಾದ. ಆಮೇಲೆ ನಾನು. ಪ್ರಶ್ನೆ ಕೇಳುತ್ತ ಕೇಳುತ್ತ ಅವರ ಮುಖ ಅರಳಿದ್ದನ್ನು ನಾನೇ ನೋಡಿದೆ. ಎದ್ದು ಬಂದು, ತಾವೇ ಕಾಯಿ ಆರಿಸಿ ಯಂತ್ರದ ಮೇಲಿಟ್ಟರು. ಆಗಿದೆ ಅಂದಿತು. ಲ್ಯಾಬಿನ ಹೊರಗೆ ಒಡೆಸಿ ತಂದೆವು, ಆಗಿತ್ತು. ಮತ್ತೊಂದಕ್ಕೆ ಆಗಿಲ್ಲ ಅಂದಿತು, ಆಗಿರಲಿಲ್ಲ. "ಇದನ್ನ ಇಲ್ಲಿಗೇ ಬಿಡಬೇಡಿ ಮೇಡಂ, ಮುಂದುವರಿಸಿ" ಎಂದು ಹೇಳಿ ಪೆನ್ನು ತೆಗೆದರು. ಪೆನ್ನಿನ ಮುಚ್ಚಳ ತೆಗೆದದ್ದು ನನಗೆ ಸ್ಪಷ್ಟವಾಗಿ ನೆನಪಿದೆ.

ಆಗ ಅವರ ಕಾರಿನ ಡ್ರೈವರ್ ಬಾಗಿಲಲ್ಲಿ ಕಾಣಿಸಿಕೊಂಡ. ಹುಳಿಯಾರು ಕಡೆಯವನು, ಕಾಲೇಜಿನವರೇ ಗೊತ್ತು ಮಾಡಿದ ಬಾಡಿಗೆ ಕಾರು. ಪಾಪ, ಅವನದೇನೂ ತಪ್ಪಿಲ್ಲ. "ಸಾರ್, ಡಿಕ್ಕೀಲಿ ಯಾರೋ ಯಜಮಾನ್ರು ಒಂದ್ ಚೀಲ ಕೊಬ್ರಿ ಇಟ್ಟವ್ರೆ. ನಿಮ್ಗೇ ಅಂತಂದ್ರು. ಇರ್ಲಾ?" ಎಂದು ಕೇಳಿದ.

ಪರೀಕ್ಷಕರು ಪೆನ್ನು ಮುಚ್ಚಿದರು. "ಯಾರದು ಕೊಬ್ಬರಿ?" ಅಂದರು. ಯಾರದೆಂದು ನನಗೆ ಆ ಕ್ಷಣದಲ್ಲೇ ಗೊತ್ತಾಗಿತ್ತು. ಅಷ್ಟರಲ್ಲಿ ಮಾವನೇ ಬಾಗಿಲ ಬಳಿ ಬಂದು ಕೈ ಮುಗಿದು, "ನಮ್ದೇ ಸ್ವಾಮಿ, ನಮ್ ತೋಟದ್ದು. ಅಷ್ಟ್ ದೂರದಿಂದ ಬಂದಿದೀರಿ, ಹಂಗೇ ಕಳ್ಸಕಾಯ್ತದಾ" ಅಂದರು. ಮುಖ ತುಂಬ ನಗು ಇತ್ತು.

"ಇದೇನ್ರಿ ಇದು? ಸಹಿ ಹಾಕೋಕೆ ಮೊದಲೇ?" ಎಂದು ಪರೀಕ್ಷಕರು ಗೈಡಿನ ಕಡೆ ತಿರುಗಿದರು. ಹಿಂದೆ ಯಾವುದೋ ಕಾಲೇಜಿನಲ್ಲಿ ಅವರ ಮೇಲೆ ಇಂಥದೇ ದೂರು ಹೋಗಿತ್ತಂತೆ, ಅದು ನನಗೆ ತಿಳಿದದ್ದು ಆಮೇಲೆ. ಮೇಜಿನ ಮೇಲೆ ನಾವು ಕೊಂಡು ತಂದ ಶಾಲು ಮಡಿಸಿಟ್ಟಿತ್ತು, ಹಣ್ಣಿನ ಬುಟ್ಟಿಯ ಮೇಲೆ ಬಣ್ಣದ ಹಾಳೆ ಹೊದಿಸಿತ್ತು. ಅವುಗಳ ಹಿಂದೆ ಕೂತು ನನ್ನ ಗೈಡ್ ಹೇಳಿದ ಮಾತು ಇದು: "ಛೆ, ಎಷ್ಟು ಸಲ ಹೇಳಿದ್ದೆ ಸರ್ ಇವರಿಗೆ. ಹಳ್ಳಿ ಜನ, ಏನು ಮಾಡೋದು." ಅವರು ನನಗೆ ಏನೂ ಹೇಳಿರಲಿಲ್ಲ. ಆ ಮನುಷ್ಯನನ್ನು ನಾನು ಕ್ಷಮಿಸಿಲ್ಲ, ಕ್ಷಮಿಸುವ ಯೋಚನೆಯೂ ಇಲ್ಲ.

ಫಲಿತಾಂಶ ತಡೆಹಿಡಿಯಲಾಗಿದೆ ಎಂದು ಬರೆದು ಪರೀಕ್ಷಕರು ಹೊರಟುಹೋದರು. ಚೀಲವನ್ನು ಡ್ರೈವರ್ ವರಾಂಡದಲ್ಲಿ ಇಳಿಸಿದ. ಶಾಲು ಕಾರಿನಲ್ಲೇ ಹೋಯಿತು. ಹಣ್ಣಿನ ಬುಟ್ಟಿಯೂ ಹೋಯಿತು. ಮಾವ ವರಾಂಡದಲ್ಲಿ ಚೀಲದ ಪಕ್ಕ ನಿಂತು, "ಯಾಕವ್ವ, ಕಮ್ಮಿ ಆಯ್ತಾ?" ಎಂದು ನನ್ನನ್ನು ಕೇಳಿದರು. ನಾನು ಹೋಗಿ ಆಟೋ ಹತ್ತಿದೆ.

ಮೂರು ದಿನ ಅನ್ನ ಸೇರಲಿಲ್ಲ. ಕೊನೆಗೆ ಚಂದ್ರು ಬೈದು ಬೈದು ಪರೀಕ್ಷಕರಿಗೆ ಫೋನ್ ಮಾಡಿಸಿದ. ಅವರು ಫೋನ್ ಎತ್ತಿದರು. ನಾನು ಅಳುತ್ತಲೇ ಹೇಳಿದೆ, ನಮ್ಮ ಮಾವ ಎಲ್ಲರಿಗೂ ಹಾಗೇ ಕೊಡುವವರು ಸರ್, ಅವರಿಗೆ ವೈವಾ ಅಂದರೇನೆಂದೂ ಗೊತ್ತಿಲ್ಲ ಅಂತ. ಅವರು ಹೇಳಿದರು, "ನಿಮ್ಮ ಕೆಲಸ ಚೆನ್ನಾಗಿದೆ, ಅದರ ಬಗ್ಗೆ ಎರಡು ಮಾತಿಲ್ಲ. ಅದೊಂದು ತಪ್ಪು ತಿಳುವಳಿಕೆ, ಜೂನ್ ಮುಗಿಯುವುದರೊಳಗೇ ಮರು ವೈವಾ ಮಾಡಬಹುದು ಅಂತ ಸೋಮವಾರ ಯೂನಿವರ್ಸಿಟಿಗೆ ಬರೆಯುತ್ತೇನೆ. ಆದರೆ ನೋಡಿ, ಅಲ್ಲಿಯವರೆಗೆ ನಿಮ್ಮ ಕಡೆಯವರು ಯಾರೂ ನನ್ನನ್ನು ಕಾಣಬಾರದು, ಮನೆಗೆ ಬರಬಾರದು."

ನನಗೆ ಹೋದ ಜೀವ ಬಂತು. ಅಡುಗೆಮನೆಯಲ್ಲಿ ಮಾವ ರಾಗಿ ಅಂಬಲಿ ಕುಡಿಯುತ್ತ ಕೂತಿದ್ದರು. ಅವರಿಗೂ ಎಲ್ಲವನ್ನೂ ಹೇಳಿದೆ. ಸೋಮವಾರ ಬರೆಯುತ್ತಾರಂತೆ ಮಾವ, ಯಾರೂ ಮನೆ ಕಡೆ ಬರಬೇಡಿ ಅಂದಿದ್ದಾರೆ, ಅಂತ. ಮಾವ ಚೊಂಬು ಕೆಳಗಿಟ್ಟು ತಲೆದೂಗಿದರು. "ಒಳ್ಳೇ ಮನ್ಸ ಕಣವ್ವ. ನಾನ್ ಅವತ್ತೇ ಅನ್ಕಂಡೆ" ಅಂದರು. ಅಷ್ಟೇ ಅಂದದ್ದು.

ಭಾನುವಾರ ಬೆಳಗ್ಗೆ ಮಾವ ಮನೆಯಲ್ಲಿರಲಿಲ್ಲ. ತೋಟಕ್ಕೆ ಹೋಗಿರಬೇಕು ಅಂದುಕೊಂಡೆವು. ಮಧ್ಯಾಹ್ನ ಊಟಕ್ಕೂ ಬರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಬಂದರು, ಹೆಗಲ ಮೇಲೆ ಖಾಲಿ ಚೀಲ ಮಡಿಸಿ ಹಾಕಿಕೊಂಡಿದ್ದರು. ಆ ಡ್ರೈವರ್ ಹತ್ತಿರ ವಿಳಾಸ ತಿಳಿದುಕೊಂಡು, ಬೆಳಗಿನ ರೈಲಿಗೆ ದಾವಣಗೆರೆಗೆ ಹೋಗಿ ಬಂದಿದ್ದರು.

ಚಂದ್ರು ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟ. "ಅಪ್ಪಾ, ಬರಬ್ಯಾಡಿ ಅಂದಿದ್ರಲ್ಲ ಅವ್ರು" ಅಂದ.

"ಅಂಗೇ ಅಂತಾರೆ ಕಣ್ಲಾ ದೊಡ್ಡೋರು" ಎಂದರು ಮಾವ, ಜಗಲಿಯ ಮೇಲೆ ಕಾಲು ಚಾಚುತ್ತ. "ನಾವೂ ಬ್ಯಾಡ ಬ್ಯಾಡ ಅನ್ನಲ್ವಾ ಯಾರಾನ ಕೊಟ್ರೆ? ಅಂದ್ಮೇಲೆ ತಗಳಲ್ವಾ? ಅವತ್ತು ಎಲ್ಲಾರ್ ಮುಂದೆ ಕೊಟ್ಟೆ, ನಾಚ್ಕಂಡ್ರು. ಮನೇಗ್ ಹೋಗಿ ಕೊಡ್ಬೇಕಾಗಿತ್ತು, ತೆಪ್ಪು ನಂದೇ. ನಮ್ ಮಗೀಗ್ ಇಷ್ಟ್ ಉಪ್ಕಾರ ಮಾಡ್ತಾವ್ರೆ, ಸುಮ್ನೆ ಕೂತ್ಕಳಕಾಯ್ತದಾ?"

ಅವರನ್ನು ದೂರುವುದು ಹೇಗೆ? ನಮ್ಮ ಸೀಮೆಯಲ್ಲಿ ನಿಜಕ್ಕೂ ಹಾಗೇ. ಕೊಡುವವರು ಒತ್ತಾಯ ಮಾಡಬೇಕು, ತೆಗೆದುಕೊಳ್ಳುವವರು ಬೇಡ ಬೇಡ ಅನ್ನಬೇಕು. ಒಂದೇ ಮಾತಿಗೆ ತೆಗೆದುಕೊಂಡರೆ ಆಸೆಬುರುಕರು, ಒಂದೇ ಮಾತಿಗೆ ಸುಮ್ಮನಾದರೆ ಕೊಡುವ ಮನಸ್ಸಿಲ್ಲದವರು. ಬೇಡ ಅಂದರೆ ಬೇಡವೇ ಆಗಿರುವ ಜಾಗವೂ ಇರುತ್ತದೆ ಎಂದು ಅವರಿಗೆ ಯಾರು ಹೇಳಿಕೊಟ್ಟಿದ್ದರು? ಇಷ್ಟು ತಿಳಿದಿದ್ದೂ ಆ ಸಂಜೆ ನನಗೆ ಅವರ ಮೇಲೆ ಉರಿದುಹೋಯಿತು. ಆ ಖಾಲಿ ಚೀಲವನ್ನು ಒಲೆಗೆ ಹಾಕಬೇಕು ಅನ್ನಿಸಿತು.

"ತಗಂಡ್ರಾ ಮಾವ?" ಎಂದು ಕೇಳಿದೆ.

"ಅವ್ರು ಮನೇಲಿರ್ಲಿಲ್ಲ. ಅಮ್ಮಾವ್ರಿದ್ರು. ಯಾಕ್ ತರಕ್ ಹೋದ್ರಿ ಅಂದ್ರು. ನಮ್ ಸೊಸೆ ಎಂಟೆಕ್ಕು, ಅವ್ಳ ಹೆಸ್ರು ಹಿಂಗಿಂಗೆ ಅಂತ ಹೇಳ್ದೆ. ಒಳೀಕ್ ತಗಂಡೋದ್ರು. ಕಾಫಿ ಕೊಟ್ರು. ಒಳ್ಳೇ ಜನ ಕಣವ್ವ, ಚಿಂತೆ ಬುಡು."

ಸೋಮವಾರ ಪರೀಕ್ಷಕರು ಬರೆದರು. ಹೇಳಿದ ಮಾತಿಗೆ ತಪ್ಪಲಿಲ್ಲ, ಸೋಮವಾರವೇ ಬರೆದರು. ಬರಬಾರದೆಂದು ಸ್ಪಷ್ಟವಾಗಿ ತಿಳಿಸಿದ ಮೇಲೂ ಅಭ್ಯರ್ಥಿಯ ಕಡೆಯವರು ಎರಡನೆಯ ಸಲ, ಈ ಬಾರಿ ಮನೆಗೇ ಬಂದು, ಪ್ರಭಾವ ಬೀರಲು ಯತ್ನಿಸಿದ್ದಾರೆ ಎಂದು. ನನ್ನ ವೈವಾ ರದ್ದಾಯಿತು. ವಿಚಾರಣೆ, ಉತ್ತರ, ಮತ್ತೆ ಉತ್ತರ ಅನ್ನುವಷ್ಟರಲ್ಲಿ ಜೂನ್ ಮುಗಿದು ನನ್ನ ನಾಲ್ಕು ವರ್ಷ ಮುಗಿಯಿತು. ಯೂನಿವರ್ಸಿಟಿಯ ಕಿಟಕಿಯಲ್ಲಿ ಕೂತವರು ತಲೆಯೆತ್ತದೆ ಹೇಳಿದರು, "ಅವಧಿ ಮೀರಿದೆ. ಬೇಕಾದರೆ ಹೊಸದಾಗಿ ಸೇರಿಕೊಳ್ಳಿ, ಮೊದಲನೇ ಸೆಮಿಸ್ಟರಿನಿಂದ." ಆ ಕಾಯಂ ಕುರ್ಚಿ, ವೈವಾ ಪಾಸಾದ ಅಂಗಡಿ ಪ್ರಾಜೆಕ್ಟಿನ ಹುಡುಗನಿಗೆ ಹೋಯಿತು. ಈಗ ಅವನು ನನ್ನನ್ನು ಶಶಿ ಮೇಡಂ ಅನ್ನುತ್ತಾನೆ, ಲ್ಯಾಬಿನ ಬೀಗದ ಕೈ ಕೇಳಲು ಬರುತ್ತಾನೆ. ನಾನು ಲ್ಯಾಬ್ ನೋಡಿಕೊಳ್ಳುತ್ತೇನೆ, ತಾತ್ಕಾಲಿಕವಾಗಿ. ಪೇಪರ್ ಮಾತ್ರ ಪ್ರಕಟವಾಯಿತು. ಗೈಡ್ ಅದನ್ನು ತೋರಿಸಿ ಬಡ್ತಿ ತೆಗೆದುಕೊಂಡರು.

ಆ ಕೊಬ್ಬರಿ ದಾವಣಗೆರೆಯಿಂದ ವಾಪಸ್ ಬರಲಿಲ್ಲ.

ಮಾವನಿಗೆ ಹೇಳಬೇಡ ಎಂದು ಚಂದ್ರು ಕೈ ಹಿಡಿದು ಬೇಡಿಕೊಂಡಿದ್ದ. ಆದರೆ ಅವರು ಬಿಡಬೇಕಲ್ಲ. ದಿನ ಬೆಳಗಾದರೆ, "ಬಂತೇನವ್ವ ಎಂಟೆಕ್ಕು?" ಆಷಾಢದ ಜಿಟಿಜಿಟಿ ಮಳೆ ಹಿಡಿದಿದ್ದ ಒಂದು ದಿನ, ಹೊಸ ಕಾಯಿ ಅಟ್ಟಕ್ಕೆ ಹಾಕುತ್ತಿದ್ದವರು ಏಣಿಯ ಮೇಲಿಂದಲೇ, "ನಿನ್ ಮೂಲೆ ಈ ವರ್ಸ ಎಷ್ಟ್ ಬುಡ್ಲಿ?" ಎಂದು ಕೇಳಿದರು. ನನಗೆ ತಡೆಯಲಾಗಲಿಲ್ಲ. ಹೇಳಿಬಿಟ್ಟೆ. ನಿಮ್ಮ ಕೊಬ್ಬರಿಯಿಂದ ನನ್ನ ಡಿಗ್ರಿ ಹೋಯ್ತು ಮಾವ, ಕಾಯಂ ಕೆಲಸ ಹೋಯ್ತು, ನೀವು ದಾವಣಗೆರೆಗೆ ಹೋಗದಿದ್ದಿದ್ದರೆ ಎಲ್ಲ ಸರಿಹೋಗಿತ್ತು, ಅಂತ ಒಂದನ್ನೂ ಬಿಡದೆ ಹೇಳಿದೆ.

ಅವರು ಏಣಿಯಿಂದ ನಿಧಾನಕ್ಕೆ ಇಳಿದರು. ಕೈಯಲ್ಲಿದ್ದ ಕಾಯಿಯನ್ನು ರಾಶಿಗೆ ಹಾಕಿದರು. "ಬ್ಯಾಡವೇ ಆಗಿದ್ರೆ ವಾಪಸ್ ಕೊಡ್ಬೇಕಿತ್ತಲ್ಲವ್ವ ಅವ್ರು" ಅಂದರು.

ಅಲ್ಲಿಂದೀಚೆಗೆ ಮಾವ ಯಾರ ಮನೆಗೂ ಹೋಗುವುದಿಲ್ಲ. ಮೊದಮೊದಲು ನಮಗೆ ಗೊತ್ತಾಗಲಿಲ್ಲ. ಕಾಲು ನೋವು ಅಂದರು, ಬಿಸಿಲು ಅಂದರು, ತೋಟದಲ್ಲಿ ಆಳು ಬಂದಿದ್ದಾರೆ ಅಂದರು. ಮದುವೆಗೆ ಹೋಗಲಿಲ್ಲ, ನಾಮಕರಣಕ್ಕೆ ಹೋಗಲಿಲ್ಲ. ಬರಿಗೈಯಲ್ಲಿ ಹೋಗುವುದು ಅವರಿಂದ ಆಗದ ಮಾತು. ಇಂಥದ್ದಕ್ಕೆ ನಾನು ಸಮಾಧಾನ ಪಡಬೇಕಿತ್ತೋ ಏನೋ, ಆ ಸಂಜೆಯ ಉರಿ ಅಷ್ಟಿತ್ತು. ಆಗಲಿಲ್ಲ.

ಹೋದ ತಿಂಗಳು ದಬ್ಬೇಘಟ್ಟದಲ್ಲಿರುವ ಅವರ ಮಗಳು, ನನ್ನ ನಾದಿನಿ, ಹೊಸ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡಳು. ಗಂಡ ಹೆಂಡತಿ ಇಬ್ಬರೂ ಬಂದು ಕರೆದುಹೋದರು. ಹೊರಡುವ ದಿನ ನಾವೆಲ್ಲ ತಯಾರಾದರೂ ಮಾವ ಜಗಲಿ ಬಿಟ್ಟು ಏಳಲಿಲ್ಲ. ನೀವ್ ಹೋಗ್ಬನ್ನಿ ಅಂದರು. ನಾನೇ ಒಳಗೆ ಹೋಗಿ, ಒಳ್ಳೆಯ ಗಿಟುಕು ಆರಿಸಿ ಚೀಲಕ್ಕೆ ತುಂಬಿ, ಮೂಗು ಮುಚ್ಚಿಕೊಳ್ಳದೆ ಎತ್ತಿ ತಂದು ಅವರ ಮುಂದೆ ಇಟ್ಟೆ.

"ನಿಮ್ಮ ಮಗಳ ಮನೆ ಮಾವ. ತಗೊಂಡು ಹೋಗಿ, ಏನೂ ಆಗಲ್ಲ" ಅಂದೆ.

ಅವರು ಚೀಲವನ್ನು ಮುಟ್ಟಲಿಲ್ಲ. "ಬುಡವ್ವ" ಅಂದರು. "ಅಳಿಯಂಗೆ ಪ್ರಮೋಷನ್ ಬರೋ ಟೇಮು ಅಂತಿದ್ಲು."